ಟಿವಿ ಮೇಲೆ ಸುತ್ತುವ ಆ ಚಕ್ರವನ್ನು ನಿಲ್ಲಿಸುವುದು ಹೇಗೆ? ಮನೆಯ ಆನ್‌ಲೈನ್ ಟಿವಿಗೆ ಸಮಗ್ರ ಮಾರ್ಗದರ್ಶಿ

ಸಾಗರದ ನಮ್ಮ ಮನೆಯಲ್ಲಿ ಅಮ್ಮ ರಾತ್ರಿ ಊಟ ಮುಗಿಸಿ, ಅಡುಗೆಮನೆ ಒರೆಸಿ, ಎಂಟು ಗಂಟೆಗೆ ಟಿವಿ ಮುಂದೆ ಕೂರುತ್ತಾರೆ. ಇಡೀ ದಿನದಲ್ಲಿ ಅವರಿಗೆ ಅಂತ ಇರುವುದು ಆ ಒಂದು ಗಂಟೆ. ಧಾರಾವಾಹಿಯಲ್ಲಿ ಯಾರೋ ಮುಖ್ಯವಾದ ಮಾತು ಹೇಳಲು ಬಾಯಿ ತೆರೆಯುತ್ತಾರೆ, ಅಷ್ಟರಲ್ಲಿ ಚಿತ್ರ ನಿಂತುಬಿಡುತ್ತದೆ. ನಡುವೆ ಬಿಳಿ ಚಕ್ರ. ಬೆಂಗಳೂರಿನಲ್ಲಿದ್ದ ನನಗೆ ಫೋನ್ ಬರುತ್ತಿತ್ತು: "ಮತ್ತೆ ಸುತ್ತಕ್ಕೆ ಶುರುವಾಯ್ತು ಕಣೋ."

ನೆಟ್ ಕೊಟ್ಟವರನ್ನು ಕೇಳಿದೆ. "ನಿಮ್ಮದು 40 ಎಂಬಿಪಿಎಸ್ ಪ್ಲಾನ್, 100ಕ್ಕೆ ಏರಿಸಿಕೊಳ್ಳಿ" ಅಂದರು. (ಎಂಬಿಪಿಎಸ್ ಅಂದರೆ ನೆಟ್ ಸೆಕೆಂಡಿಗೆ ಎಷ್ಟು ಮೆಗಾಬಿಟ್ ತರುತ್ತದೆ ಅನ್ನುವ ವೇಗದ ಅಳತೆ.) ಏರಿಸಿದೆ. ತಿಂಗಳ ಬಿಲ್ ಜಾಸ್ತಿಯಾಯಿತು, ಚಕ್ರ ಸುತ್ತುವುದು ನಿಲ್ಲಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಫೋನ್ ಹಿಡಿದು ಮನೆ ತುಂಬ ಓಡಾಡಿ ವೇಗ ಅಳೆದೆ. ರೂಟರ್ ಪಕ್ಕ 92 ಇತ್ತು. ಟಿವಿ ಪಕ್ಕ 4. ರೂಟರ್ ಇದ್ದದ್ದು ಮುಂದಿನ ಕೋಣೆಯಲ್ಲಿ, ಸ್ಟೀಲ್ ಬೀರುವಿನ ಹಿಂದೆ. ಅಲ್ಲಿಂದ ಟಿವಿಗೆ ಎರಡು ಕೆಂಪುಕಲ್ಲಿನ ಗೋಡೆ ದಾಟಬೇಕಿತ್ತು. ಹದಿನೈದು ಮೀಟರ್ ವೈರ್ ಎಳೆದ ಮೇಲೆ ಆ ಮನೆಯಲ್ಲಿ ಚಕ್ರ ಕಂಡಿದ್ದೇ ಅಪರೂಪ.

ಅದಕ್ಕೇ ಈ ಬರಹ. ದುಡ್ಡು ಸುರಿಯುವ ಮೊದಲು ತೊಂದರೆ ಎಲ್ಲಿದೆ ಅಂತ ಹುಡುಕಬೇಕು. ಬಹಳಷ್ಟು ಮನೆಗಳಲ್ಲಿ ಅದು ಹೊರಗಿನ ಲೈನ್‌ನಲ್ಲಿ ಇರುವುದಿಲ್ಲ. ರೂಟರ್‌ನಿಂದ ಟಿವಿವರೆಗಿನ ಇಪ್ಪತ್ತು ಅಡಿಯಲ್ಲಿ ಇರುತ್ತದೆ.

ಹಂತ 1: ಮೊದಲು ಅಳೆಯಿರಿ

ಅಳೆಯುವ ಮುಂಚೆ ಒಂದು ವಿಷಯ ಗೊತ್ತಿರಲಿ. ಟಿವಿಗೆ ಇಡೀ ಸಿನಿಮಾ ಒಟ್ಟಿಗೆ ಬರುವುದಿಲ್ಲ. ಕೆಲವೇ ಸೆಕೆಂಡುಗಳ ಸಣ್ಣ ತುಂಡುಗಳಾಗಿ ಬರುತ್ತದೆ. ನೀವು ಒಂದು ತುಂಡು ನೋಡುತ್ತಿರುವಾಗ ಆ್ಯಪ್ ಮುಂದಿನ ಕೆಲವನ್ನು ತಂದು ಕೂಡಿಡುತ್ತದೆ. ನೆಟ್ ನಿಧಾನವಾದರೆ ಅದು ಮಸುಕಾದ, ಹಗುರಾದ ತುಂಡು ಕೇಳಿ ಪಡೆಯುತ್ತದೆ. ಚಿತ್ರ ಇದ್ದಕ್ಕಿದ್ದ ಹಾಗೆ ಮಂಜಾಗಿ ಮತ್ತೆ ಸ್ಪಷ್ಟವಾಗುವುದು ಇದರಿಂದಲೇ. ಹಗುರಾದ ತುಂಡೂ ಸಮಯಕ್ಕೆ ಬಾರದೆ, ಕೂಡಿಟ್ಟದ್ದೂ ಖಾಲಿಯಾದರೆ ಚಕ್ರ ಬರುತ್ತದೆ. ಅಂದರೆ ಒಂದು ಕ್ಷಣ 200 ಬಂದು ಮರುಕ್ಷಣ ಸೊನ್ನೆಯಾಗುವ ನೆಟ್‌ಗಿಂತ, ಒಂದೇ ಸಮನೆ 20 ಬರುವ ನೆಟ್ ಟಿವಿಗೆ ಎಷ್ಟೋ ಮೇಲು.

ಎಷ್ಟು ವೇಗ ಸಾಕು? ನೆಟ್‌ಫ್ಲಿಕ್ಸ್ ಹೇಳುವ ಲೆಕ್ಕ ಹೀಗಿದೆ: ಎಚ್‌ಡಿಗೆ 3 ಎಂಬಿಪಿಎಸ್, ಫುಲ್ ಎಚ್‌ಡಿಗೆ 5, ಫೋರ್‌ಕೆಗೆ 15. ಬೇರೆ ಆ್ಯಪ್‌ಗಳದ್ದೂ ಇದರ ಆಸುಪಾಸೇ. ಹಾಗಾದರೆ ಒಂದೇ ಟಿವಿ ಇರುವ ಮನೆಗೆ 40 ಎಂಬಿಪಿಎಸ್ ಧಾರಾಳ, ಅಲ್ವಾ? ಪ್ಲಾನ್ ಏರಿಸಿ ಅನ್ನುವ ಸಲಹೆಯನ್ನು ಕಣ್ಣುಮುಚ್ಚಿ ಒಪ್ಪಬೇಡಿ ಅಂತ ನಾನು ಹೇಳುವುದು ಈ ಲೆಕ್ಕ ನೋಡಿಯೇ.

ಈಗ ಅಳೆಯೋಣ. ಬೆಳಿಗ್ಗೆ ಹತ್ತಕ್ಕೆ ಅಳೆದರೆ ಪ್ರಯೋಜನವಿಲ್ಲ. ತೊಂದರೆ ಆಗುವ ಹೊತ್ತಿಗೇ, ಅಂದರೆ ರಾತ್ರಿ ಎಂಟು-ಒಂಬತ್ತಕ್ಕೆ ಅಳೆಯಿರಿ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ವೈಫೈ ಮಾತ್ರ ಇಟ್ಟುಕೊಳ್ಳಿ. ಫಾಸ್ಟ್ ಡಾಟ್ ಕಾಮ್ ತೆರೆದರೆ ಸಾಕು, ತಾನಾಗಿಯೇ ಅಳೆಯುತ್ತದೆ.

1. ರೂಟರ್‌ನಿಂದ ಎರಡು ಹೆಜ್ಜೆ ದೂರ ನಿಂತು ಮೂರು ಸಲ ಅಳೆದು ಬರೆದುಕೊಳ್ಳಿ.
2. ಟಿವಿಗೆ ಫೋನ್ ಅಂಟಿಸಿದಂತೆ ಹಿಡಿದು ಮೂರು ಸಲ ಅಳೆಯಿರಿ.
3. ಟಿವಿಯಲ್ಲೇ ಬ್ರೌಸರ್ ಅಥವಾ ಸ್ಪೀಡ್ ಟೆಸ್ಟ್ ಆ್ಯಪ್ ಇದ್ದರೆ ಅದರಲ್ಲೂ ಅಳೆಯಿರಿ.

ರೂಟರ್ ಪಕ್ಕದಲ್ಲೇ ಕಡಿಮೆ ಬಂದರೆ ತೊಂದರೆ ಹೊರಗಿನ ಲೈನ್‌ನದ್ದು. ಮೂರನೇ ಹಂತಕ್ಕೆ ಹೋಗಿ. ರೂಟರ್ ಪಕ್ಕ ಚೆನ್ನಾಗಿದ್ದು ಟಿವಿ ಪಕ್ಕ ಬಿದ್ದುಹೋದರೆ ಅದು ವೈಫೈ ತೊಂದರೆ. ಎರಡನೇ ಹಂತ ನಿಮಗೆ. ಫೋನಿನಲ್ಲಿ ಎರಡೂ ಕಡೆ ಚೆನ್ನಾಗಿದ್ದು ಟಿವಿ ಮಾತ್ರ ಒದ್ದಾಡುತ್ತಿದ್ದರೆ ತಪ್ಪು ಟಿವಿಯದ್ದೇ, ನಾಲ್ಕನೇ ಹಂತ ಓದಿ. ಎಲ್ಲವೂ ಸರಿಯಿದ್ದು ಒಂದೇ ಒಂದು ಆ್ಯಪ್ ನಿಲ್ಲುತ್ತಿದ್ದರೆ ಅದು ಆ ಆ್ಯಪ್‌ನವರ ತೊಂದರೆ. ದೊಡ್ಡ ಮ್ಯಾಚ್ ದಿನ ಹೀಗಾಗುವುದುಂಟು. ಅಂಥ ದಿನ ರೂಟರ್ ಮುಟ್ಟಲು ಹೋಗಬೇಡಿ.

ಹಂತ 2: ರೂಟರ್‌ನಿಂದ ಟಿವಿವರೆಗೆ

ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಹೆಚ್ಚಿನ ಗೋಳು ಇಲ್ಲೇ ಇರುವುದು.

ನಮ್ಮಲ್ಲಿ ರೂಟರ್ ಎಲ್ಲಿ ಕೂರುತ್ತದೆ ನೋಡಿ. ಫೈಬರ್ ವೈರ್ ಯಾವ ಕಿಟಕಿಯಿಂದ ಒಳಗೆ ಬಂತೋ ಅಲ್ಲೇ. ಹಾಕಲು ಬಂದ ಹುಡುಗನಿಗೆ ಅದು ಸುಲಭ. ಆಮೇಲೆ "ನೋಡಲು ಚೆನ್ನಾಗಿಲ್ಲ" ಅಂತ ನಾವೇ ಅದನ್ನು ಕಪಾಟಿನೊಳಗೆ ಸೇರಿಸುತ್ತೇವೆ, ಇಲ್ಲವೇ ಟಿವಿಯ ಬೆನ್ನಿಗೆ ಸಿಕ್ಕಿಸುತ್ತೇವೆ. ವೈಫೈಗೆ ದೊಡ್ಡ ವೈರಿಗಳು ಲೋಹ ಮತ್ತು ನೀರು. ಸ್ಟೀಲ್ ಬೀರು, ಫ್ರಿಜ್, ದೊಡ್ಡ ಕನ್ನಡಿ, ಅಕ್ವೇರಿಯಂ, ಕಬ್ಬಿಣ ತುಂಬಿದ ಕಾಂಕ್ರೀಟ್ ಗೋಡೆ ಎಲ್ಲ ಸಿಗ್ನಲ್ ತಿನ್ನುತ್ತವೆ. ಮಲೆನಾಡು, ಕರಾವಳಿಯ ಹಳೇ ಮನೆಗಳ ದಪ್ಪ ಕಲ್ಲಿನ ಗೋಡೆಯಂತೂ ಕೇಳುವುದೇ ಬೇಡ. ರೂಟರ್ ಬಯಲಲ್ಲಿ ಇರಬೇಕು, ಎದೆಯೆತ್ತರಕ್ಕಿಂತ ಮೇಲಿರಬೇಕು, ಟಿವಿ ಮತ್ತು ಅದರ ನಡುವೆ ಆದಷ್ಟು ಕಡಿಮೆ ಗೋಡೆ ಇರಬೇಕು.

ಜಾಗ ಬದಲಿಸಿದ ಮೇಲೆ ಬ್ಯಾಂಡ್, ಅಂದರೆ ವೈಫೈ ಅಲೆ ಸಾಗುವ ದಾರಿ, ಯಾವುದು ಅಂತ ನೋಡಿ. ಈಗಿನ ಹೆಚ್ಚಿನ ರೂಟರ್‌ಗಳು ಎರಡು ಬ್ಯಾಂಡ್‌ನಲ್ಲಿ ಕೆಲಸ ಮಾಡುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 2.4 ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ನಿಧಾನ. ಅಕ್ಕಪಕ್ಕದ ಮನೆಗಳ ರೂಟರ್, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲ ಅದೇ ದಾರಿಯಲ್ಲಿ ನುಗ್ಗುತ್ತವೆ. ಅಡುಗೆಮನೆಯಲ್ಲಿ ಮೈಕ್ರೋವೇವ್ ಆನ್ ಆದಾಗಲೆಲ್ಲ ಹಾಲ್‌ನಲ್ಲಿ ಟಿವಿ ನಿಂತರೆ ಕಾರಣ ಇದೇ. 5 ಬಹಳ ಚುರುಕು, ಆದರೆ ಗೋಡೆ ಬಂದರೆ ಸೋಲುತ್ತದೆ. ಟಿವಿ ಮತ್ತು ರೂಟರ್ ಒಂದೇ ಕೋಣೆಯಲ್ಲಿದ್ದರೆ ಅಥವಾ ನಡುವೆ ಒಂದೇ ಗೋಡೆ ಇದ್ದರೆ ಟಿವಿಯನ್ನು 5ಕ್ಕೆ ಸೇರಿಸಿ. ಎರಡಕ್ಕೂ ಒಂದೇ ಹೆಸರಿದ್ದರೆ ಟಿವಿ ಯಾವುದನ್ನು ಹಿಡಿದಿದೆ ಅಂತ ಗೊತ್ತಾಗುವುದಿಲ್ಲ. ರೂಟರ್ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಸೆಟ್ಟಿಂಗ್‌ನ ವಿಳಾಸ, ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರ್ ಕೆಳಗಿನ ಸ್ಟಿಕ್ಕರ್ ಮೇಲೆ ಇರುತ್ತದೆ.

ಅಪಾರ್ಟ್‌ಮೆಂಟ್‌ನಲ್ಲಿದ್ದು 2.4 ಬಿಟ್ಟು ಗತಿಯಿಲ್ಲ ಅನ್ನುವವರು ರೂಟರ್ ಸೆಟ್ಟಿಂಗ್‌ನಲ್ಲಿ ಚಾನೆಲ್ (ಟಿವಿಯದ್ದಲ್ಲ, ಬ್ಯಾಂಡ್ ಒಳಗಿನ ಸಣ್ಣ ದಾರಿ) ಬದಲಿಸಿ ನೋಡಿ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಫೋನಿನಲ್ಲಿ ವೈಫೈ ಅನಲೈಸರ್ ಥರದ ಆ್ಯಪ್ ಹಾಕಿದರೆ ನೆರೆಯವರು ಯಾವುದರಲ್ಲಿ ಗುಂಪುಗೂಡಿದ್ದಾರೆ ಅಂತ ಕಾಣುತ್ತದೆ. ಖಾಲಿ ಇರುವುದನ್ನು ಆರಿಸಿ.

ಇಷ್ಟೆಲ್ಲ ಹೇಳಿದರೂ ನನ್ನ ಮನಸ್ಸಿಗೆ ಒಪ್ಪುವ ಪರಿಹಾರ ಒಂದೇ: ವೈರ್. ಟಿವಿಯ ಹಿಂಭಾಗದಲ್ಲಿ ನೆಟ್ ವೈರ್ ಸಿಕ್ಕಿಸುವ ಲ್ಯಾನ್ ಕಿಂಡಿ ಇದೆಯಾ ನೋಡಿ, ಬಹಳಷ್ಟು ಸ್ಮಾರ್ಟ್ ಟಿವಿಗಳಲ್ಲಿ ಇರುತ್ತದೆ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ತಂದು ರೂಟರ್‌ನಿಂದ ನೇರ ಎಳೆಯಿರಿ. ಈ ಕೇಬಲ್ ನೂರು ಮೀಟರ್‌ವರೆಗೂ ಸರಿಯಾಗಿ ಕೆಲಸ ಮಾಡುತ್ತದೆ. ಹೆಚ್ಚಿನ ಟಿವಿಗಳ ಲ್ಯಾನ್ ಕಿಂಡಿ 100 ಎಂಬಿಪಿಎಸ್ ಮಾತ್ರ ಕೊಡುತ್ತದೆ ಅಂತ ಕೆಲವರು ಮೂಗು ಮುರಿಯುತ್ತಾರೆ. ಫೋರ್‌ಕೆಗೆ ಬೇಕಿರುವುದೇ 15. ಚಿಂತೆ ಬೇಡ.

ಸಾಗರದಲ್ಲಿ ನಾನು ಮಾಡಿದ್ದು ಹೀಗೆ: ಕೇಬಲ್ಲನ್ನು ಬಾಗಿಲ ಚೌಕಟ್ಟಿನ ಮೇಲಂಚಿನ ಗುಂಟ ತಂದೆ. ಎರಡು ಗೇಣಿಗೊಂದು ಬಿಳಿ ಪ್ಲಾಸ್ಟಿಕ್ ಕ್ಲಿಪ್ ಹೊಡೆದೆ. ಹಾಲ್‌ಗೆ ತಿರುಗುವ ಮೂಲೆಯಲ್ಲಿ ಮಡಿಸದೆ, ಬಳೆಯಷ್ಟು ಅಗಲದ ಸುತ್ತು ಬಿಟ್ಟೆ. ಅಮ್ಮ ಕೆಳಗೆ ನಿಂತು ಕ್ಲಿಪ್ ಕೊಡುತ್ತಿದ್ದರು. ಮಧ್ಯಾಹ್ನ ಶುರು ಮಾಡಿದ್ದು ಸಂಜೆ ಕಾಫಿ ಹೊತ್ತಿಗೆ ಮುಗಿಯಿತು. ಗೋಡೆ ಕೊರೆಯುವ ಕೆಲಸವೇ ಬರಲಿಲ್ಲ.

ವೈರ್ ಎಳೆಯಲು ಆಗದ ಮನೆಯಾದರೆ ಮೆಶ್ ವೈಫೈ, ಅಂದರೆ ಮನೆಯ ಬೇರೆ ಬೇರೆ ಕಡೆ ಇಟ್ಟ ಡಬ್ಬಿಗಳು ಸೇರಿ ಒಂದೇ ವೈಫೈ ಹರಡುವ ವ್ಯವಸ್ಥೆ, ತೆಗೆದುಕೊಳ್ಳಿ. ಸಿಗ್ನಲ್ ಹಿಡಿದು ಮುಂದಕ್ಕೆ ಬಿಡುವ ಅಗ್ಗದ ರಿಪೀಟರ್ ಕೊಂಡು ಟಿವಿ ಪಕ್ಕದಲ್ಲೇ ಸಿಕ್ಕಿಸುವುದು ಎಲ್ಲರೂ ಮಾಡುವ ತಪ್ಪು. ಟಿವಿ ಹತ್ತಿರ ಸಿಗ್ನಲ್ ಸತ್ತಿದೆ ಅಂತಲೇ ಅಲ್ವಾ ಅದನ್ನು ತಂದದ್ದು? ಸತ್ತ ಸಿಗ್ನಲ್ ಹಿಡಿದು ಅದು ಏನು ಕೊಟ್ಟೀತು? ರೂಟರ್ ಮತ್ತು ಟಿವಿಯ ನಡುವೆ, ಸಿಗ್ನಲ್ ಇನ್ನೂ ಗಟ್ಟಿ ಇರುವ ಕಡೆ ಇಡಬೇಕು. ಒಂದೇ ಬ್ಯಾಂಡ್‌ನಲ್ಲಿ ಹಿಡಿದು ಅದೇ ಬ್ಯಾಂಡ್‌ನಲ್ಲಿ ಬಿಡುವ ರಿಪೀಟರ್‌ನಲ್ಲಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದೂ ನೆನಪಿರಲಿ.

ಹಂತ 3: ಹೊರಗಿನ ಲೈನ್

ಫೈಬರ್ ಬಾಕ್ಸ್ ಮೇಲೆ ಎಲ್‌ಒಎಸ್ ಅಂತ ಬರೆದ ಸಣ್ಣ ದೀಪ ಇರುತ್ತದೆ. ಅದು ಕೆಂಪಗೆ ಹತ್ತಿದರೆ ವೈರ್‌ನೊಳಗೆ ನೆಟ್ ಹೊತ್ತು ತರುವ ಬೆಳಕು ನಿಮ್ಮ ಮನೆ ತಲುಪುತ್ತಿಲ್ಲ ಅಂತ ಅರ್ಥ. ಎಷ್ಟು ಸಲ ಆಫ್-ಆನ್ ಮಾಡಿದರೂ ಸುಮ್ನೆ. ಮೊದಲು ಮನೆಯೊಳಗಿನ ತೆಳು ಫೈಬರ್ ವೈರ್ ಎಲ್ಲಾದರೂ ಮಡಚಿದೆಯಾ, ಮಂಚದ ಕಾಲಿನಡಿ ಸಿಕ್ಕಿದೆಯಾ ನೋಡಿ. ಒಳಗೆ ಇರುವುದು ಗಾಜಿನ ಎಳೆ, ಜೋರಾಗಿ ಮಡಚಿದರೆ ಬೆಳಕು ಸೋರಿಹೋಗುತ್ತದೆ. ಅದು ಸರಿಯಿದ್ದರೆ ಹೊರಗೆ ತುಂಡಾಗಿರಬಹುದು, ದೂರು ಕೊಡಿ.

ದೀಪ ಸರಿಯಿದ್ದೂ ರಾತ್ರಿ ಮಾತ್ರ ನಿಧಾನವಾದರೆ ಬೀದಿಯವರೆಲ್ಲ ಒಟ್ಟಿಗೆ ನೋಡುವ ಹೊತ್ತಿಗೆ ನಿಮ್ಮ ಕಡೆಯ ಲೈನ್ ತುಂಬಿದೆ ಅಂತ ಅನುಮಾನಿಸಬಹುದು. ಬರೀ "ಸ್ಲೋ ಇದೆ" ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೂರು ದಿನದ ತಾರೀಕು, ಸಮಯ, ರೂಟರ್ ಪಕ್ಕದ ಅಳತೆ, ಸ್ಕ್ರೀನ್‌ಶಾಟ್ ಸಮೇತ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕರೆಂಟ್ ಪದೇ ಪದೇ ಹೋಗುವ ಊರಾದರೆ ರೂಟರ್‌ಗೆ ಅಂತಲೇ ಸಿಗುವ ಸಣ್ಣ ಯುಪಿಎಸ್ ಹಾಕಿ. ಬಹಳಷ್ಟು ರೂಟರ್‌ಗಳಿಗೆ ಬೇಕಿರುವುದು 12 ವೋಲ್ಟ್. ಅಡಾಪ್ಟರ್ ಮೇಲೆ ಬರೆದದ್ದನ್ನು ಹೊಂದಿಸಿಯೇ ಕೊಳ್ಳಿ.

ಹಂತ 4: ಟಿವಿಯದ್ದೇ ತಪ್ಪಾದರೆ

ರಿಮೋಟ್‌ನಲ್ಲಿ ಆಫ್ ಮಾಡಿದರೆ ಟಿವಿ ನಿಜವಾಗಿ ಆಫ್ ಆಗುವುದಿಲ್ಲ, ನಿದ್ದೆಗೆ ಜಾರುತ್ತದೆ ಅಷ್ಟೇ. ತಿಂಗಳುಗಟ್ಟಲೆ ಹಾಗೇ ಇದ್ದರೆ ಮೆಮೊರಿ ತುಂಬಿ ಜಡವಾಗುತ್ತದೆ. ಗೋಡೆಯ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಬೇಡದ ಆ್ಯಪ್ ತೆಗೆಯಿರಿ. ಬಳಸುವ ಆ್ಯಪ್‌ನ ಕ್ಯಾಶ್, ಅಂದರೆ ಅದು ತಾತ್ಕಾಲಿಕವಾಗಿ ಕೂಡಿಟ್ಟುಕೊಂಡದ್ದನ್ನು, ಅಳಿಸಿ. ಟಿವಿಯ ಸಾಫ್ಟ್‌ವೇರ್ ಅಪ್‌ಡೇಟ್ ನೋಡಿ. ಯಾವ ಆ್ಯಪ್ಪೂ ತೆರೆಯುತ್ತಿಲ್ಲ ಅಂದರೆ ಟಿವಿಯ ದಿನಾಂಕ, ಸಮಯ ಸರಿಯಿದೆಯಾ ನೋಡಿ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಸಂಪರ್ಕವೇ ಏರ್ಪಡುವುದಿಲ್ಲ. ಇದು ಯಾರಿಗೂ ಹೊಳೆಯದ ಕಾರಣ.

ಹಳೇ ಟಿವಿಗಳಲ್ಲಿ ಪರದೆ ಚೆನ್ನಾಗಿಯೇ ಇರುತ್ತದೆ, ಒಳಗಿನ ಕಂಪ್ಯೂಟರ್ ಮಾತ್ರ ಸೋತಿರುತ್ತದೆ. ಇಡೀ ಟಿವಿ ಬದಲಿಸಬೇಡಿ. ಫೈರ್ ಟಿವಿ ಸ್ಟಿಕ್ ಅಥವಾ ಗೂಗಲ್ ಟಿವಿ ಇರುವ ಸಣ್ಣ ಸಾಧನವೊಂದನ್ನು ಎಚ್‌ಡಿಎಂಐ ಕಿಂಡಿಗೆ ಹಾಕಿದರೆ ಅದೇ ಟಿವಿ ಹೊಸದಾಗುತ್ತದೆ. ಸ್ಟಿಕ್‌ಗೆ ಕರೆಂಟನ್ನು ಟಿವಿಯ ಯುಎಸ್‌ಬಿಯಿಂದ ಕೊಡಬೇಡಿ, ಅದರ ಜತೆ ಬಂದ ಅಡಾಪ್ಟರ್‌ನಿಂದಲೇ ಕೊಡಿ. ಸಾಮಾನ್ಯ ಯುಎಸ್‌ಬಿ 2.0 ಕಿಂಡಿ ಕೊಡುವುದು ಅರ್ಧ ಆಂಪಿಯರ್. ಸಾಲದೆ ಸ್ಟಿಕ್ ನಡುನಡುವೆ ತಾನೇ ರೀಸ್ಟಾರ್ಟ್ ಆಗುತ್ತದೆ, ನಾವು ನೆಟ್‌ಗೆ ಬೈಯುತ್ತೇವೆ.

ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಬಾಕ್ಸ್ ಅಥವಾ ಪ್ರೊಜೆಕ್ಟರ್ ಕೊಳ್ಳುವವರು ವೈಡ್‌ವೈನ್ ಎಲ್1 ಇದೆಯಾ ಅಂತ ಕೇಳಿ. ಅದು ಸಿನಿಮಾ ಕಳವಾಗದಂತೆ ಕಾಯುವ ಬೀಗದ ದರ್ಜೆ. ಎಲ್3 ಮಾತ್ರ ಇದ್ದರೆ ಪರದೆ ಎಷ್ಟೇ ದೊಡ್ಡದಿರಲಿ, ನೆಟ್‌ಫ್ಲಿಕ್ಸ್ ಥರದ ಆ್ಯಪ್‌ಗಳು ಎಚ್‌ಡಿ ಕೊಡುವುದಿಲ್ಲ.

ಫೋನಿನಿಂದ ಟಿವಿಗೆ ಕಳಿಸಿ ನೋಡುವವರಿಗೆ ಒಂದು ಮಾತು. ಆ್ಯಪ್‌ನೊಳಗಿನ ಕಾಸ್ಟ್ ಗುರುತು ಒತ್ತಿದರೆ ಟಿವಿ ತಾನೇ ನೇರವಾಗಿ ನೆಟ್‌ನಿಂದ ವಿಡಿಯೊ ತರುತ್ತದೆ, ಫೋನ್ ಬರೀ ರಿಮೋಟ್ ಆಗುತ್ತದೆ. ಸ್ಕ್ರೀನ್ ಮಿರರಿಂಗ್ ಮಾಡಿದರೆ, ಅಂದರೆ ಫೋನಿನ ಪರದೆಯನ್ನೇ ಟಿವಿಯಲ್ಲಿ ತೋರಿಸಿದರೆ, ಪ್ರತಿಯೊಂದು ಚಿತ್ರವೂ ಫೋನ್ ಮೂಲಕ ಬರಬೇಕು. ತಡವರಿಸುವುದು ಸಹಜ. ಆದಷ್ಟು ಕಾಸ್ಟ್ ಬಳಸಿ.

ಹಂತ 5: ಮಾತು ಕೇಳಿಸಲ್ಲ, ಹಾಡು ಕಿವಿ ಹರಿಯುತ್ತೆ

ವಯಸ್ಸಾದವರು ಇರುವ ಪ್ರತಿ ಮನೆಯ ದೂರು ಇದು. ಸಿನಿಮಾದ 5.1 ಆಡಿಯೊದಲ್ಲಿ, ಅಂದರೆ ಆರು ಸ್ಪೀಕರ್‌ಗೆ ಹಂಚಿದ ಸದ್ದಿನಲ್ಲಿ, ಮಾತು ಹೆಚ್ಚಾಗಿ ನಡುವಿನ ಸ್ಪೀಕರ್‌ಗೆ ಅಂತಲೇ ಇರುತ್ತದೆ. ಬಹಳಷ್ಟು ಟಿವಿಗಳಲ್ಲಿ ಆ ಸ್ಪೀಕರ್ ಇಲ್ಲ, ಎರಡೇ ಇರುವುದು. ಬೆರೆಸುವಾಗ ಮಾತು ಸಂಗೀತದೊಳಗೆ ಮುಳುಗುತ್ತದೆ. ಆ್ಯಪ್‌ನ ಆಡಿಯೊ ಪಟ್ಟಿಯಲ್ಲಿ 5.1 ಬದಲು ಎರಡೇ ಸ್ಪೀಕರ್‌ಗೆ ಹೊಂದುವ ಸ್ಟೀರಿಯೊ ಇದ್ದರೆ ಅದನ್ನು ಆರಿಸಿ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಕ್ಲಿಯರ್ ವಾಯ್ಸ್, ನೈಟ್ ಮೋಡ್ ಥರದ ಆಯ್ಕೆ ಇದ್ದರೆ ಆನ್ ಮಾಡಿ. ಸೌಂಡ್‌ಬಾರ್ ಹಾಕುವುದಾದರೆ ಟಿವಿಯ ಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ಕಿಂಡಿಗೇ ಹಾಕಿ, ಜತೆಗೆ ಟಿವಿಯ ಸೆಟ್ಟಿಂಗ್‌ನಲ್ಲಿ ಸಿಇಸಿ ಅನ್ನುವ ಆಯ್ಕೆ ಆನ್ ಮಾಡಿ. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಅನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್ ಅನ್ನುತ್ತದೆ. ಆಗ ಒಂದೇ ರಿಮೋಟ್‌ನಲ್ಲಿ ಎರಡೂ ನಡೆಯುತ್ತವೆ.

ಸಿನಿಮಾ ನೋಡುವಾಗ ಚಿತ್ರ ವಿಪರೀತ ನಯವಾಗಿ, ಸ್ಟುಡಿಯೊದಲ್ಲಿ ವಿಡಿಯೊ ತೆಗೆದಂತೆ ಕಂಡರೆ ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಟಿವಿ ಇಲ್ಲದ ಚಿತ್ರಗಳನ್ನು ತಾನೇ ಹುಟ್ಟಿಸಿ ನಡುವೆ ಸೇರಿಸುವುದರಿಂದ ಹಾಗಾಗುತ್ತದೆ. ಹೊಸ ಟಿವಿಗಳಲ್ಲಿ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೇ ಸಾಕು.

ಹಂತ 6: ಯಾವುದಕ್ಕೆ ದುಡ್ಡು, ಹೇಗೆ ನಿಲ್ಲಿಸುವುದು

ನಮ್ಮ ಚಾನೆಲ್‌ಗಳು ಹಂಚಿಹೋಗಿವೆ. ಝೀ ಕನ್ನಡ ಬೇಕೆಂದರೆ ಝೀ5. ಉದಯ ಬೇಕೆಂದರೆ ಸನ್ ನೆಕ್ಸ್ಟ್. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಸೇರಿ ಆದ ಜಿಯೋಹಾಟ್‌ಸ್ಟಾರ್‌ನಲ್ಲಿವೆ. ದೂರದರ್ಶನ ನಡೆಸುವ ಪ್ರಸಾರ ಭಾರತಿಯ ವೇವ್ಸ್ ಆ್ಯಪ್ 2024ರ ನವೆಂಬರ್‌ನಲ್ಲಿ ಬಂದಿದೆ. ಮನೆಯವರು ದಿನಾ ನೋಡುವುದು ಯಾವುದು ಅಂತ ಒಂದು ವಾರ ಗಮನಿಸಿ. ಆಮೇಲೆ ಒಂದೋ ಎರಡೋ ಇಟ್ಟುಕೊಳ್ಳಿ. ಸಿನಿಮಾದ ಆ್ಯಪ್‌ಗಳನ್ನು ಒಂದು ತಿಂಗಳು ಒಂದು, ಮುಂದಿನ ತಿಂಗಳು ಇನ್ನೊಂದು ಅಂತ ಸರದಿಯಲ್ಲಿ ತೆಗೆದುಕೊಳ್ಳಬಹುದು. ಕೊಳ್ಳುವಾಗ ಮೊಬೈಲ್ ಪ್ಲಾನ್ ಆರಿಸಬೇಡಿ, ಅದು ಟಿವಿಯಲ್ಲಿ ಓಡುವುದಿಲ್ಲ. ಊರಿನ ಅಪ್ಪ-ಅಮ್ಮನ ಮನೆಗೂ ನಿಮ್ಮದೇ ಖಾತೆ ಸಾಕು ಅಂದುಕೊಂಡಿದ್ದರೆ ನಿಯಮ ಓದಿ. ನೆಟ್‌ಫ್ಲಿಕ್ಸ್ 2023ರ ಜುಲೈನಿಂದ ನಮ್ಮ ದೇಶದಲ್ಲಿ ಒಂದು ಖಾತೆಯನ್ನು ಒಂದೇ ಮನೆಗೆ ಸೀಮಿತ ಮಾಡಿದೆ.

ತಾನೇ ದುಡ್ಡು ಕಡಿತವಾಗುವುದನ್ನು ನಿಲ್ಲಿಸುವುದು ಕಲಿಯಲೇಬೇಕು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಯುಪಿಐನಲ್ಲಿ ಕಟ್ಟಿದ್ದರೆ ನಿಮ್ಮ ಯುಪಿಐ ಆ್ಯಪ್ ತೆರೆದು ಆಟೊಪೇ ಪಟ್ಟಿಗೆ ಹೋಗಿ, ಅಲ್ಲಿ ರದ್ದು ಮಾಡಿ. ಕಾರ್ಡ್‌ನಲ್ಲಿ ಕಟ್ಟಿದ್ದರೆ ಬ್ಯಾಂಕಿನ ಸಂದೇಶಕ್ಕೆ ಕಣ್ಣಿಡಿ. 2021ರ ಅಕ್ಟೋಬರ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಕಡಿತಕ್ಕೆ 24 ಗಂಟೆ ಮೊದಲು ತಿಳಿಸಬೇಕು. ಬೇಡ ಅನ್ನುವ ಅವಕಾಶ ಅಲ್ಲೇ ಇರುತ್ತದೆ. ಸೇರುವುದು ಸುಲಭ, ಬಿಡುವುದು ಕಷ್ಟ ಅಂತ ಬೇಕೆಂದೇ ಸುತ್ತಾಡಿಸಿದರೆ ಅದು 2023ರ ಗ್ರಾಹಕ ಮಾರ್ಗಸೂಚಿಯ ಪ್ರಕಾರ ತಪ್ಪು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಕ್ರಿಕೆಟ್ ಹುಚ್ಚಿನವರಿಗೆ ಒಂದು ಮಾತು. ಪಕ್ಕದ ಮನೆಯ ಡಿಶ್‌ನಲ್ಲಿ ವಿಕೆಟ್ ಬಿದ್ದು ಅವರು ಕೂಗಿದ ಅರ್ಧ ನಿಮಿಷದ ಮೇಲೆ ನಿಮ್ಮ ಟಿವಿಯಲ್ಲಿ ಬೌಲರ್ ಓಡುತ್ತಿದ್ದರೆ ಅದು ನಿಮ್ಮ ನೆಟ್‌ನ ತಪ್ಪಲ್ಲ. ತುಂಡು ಮಾಡಿ, ಕಳಿಸಿ, ಕೂಡಿಟ್ಟು ತೋರಿಸುವುದಕ್ಕೆ ಅಷ್ಟು ಹೊತ್ತು ಬೇಕು. ಸ್ಕೋರ್ ಕಳಿಸುವ ಆ್ಯಪ್‌ಗಳ ಸದ್ದು ಆಫ್ ಮಾಡಿ ಕೂರಿ. ಆ ತಡ ಸಹಿಸಲಾಗದಿದ್ದರೆ ಡಿಶ್ ಕನೆಕ್ಷನ್ ತೆಗೆಸಬೇಡಿ.

ಹಂತ 7: ಮನೆಯ ಹಿರಿಯರಿಗೆ ದಾರಿ ಸುಲಭ ಮಾಡಿ

ಡಿಶ್ ಕಾಲದಲ್ಲಿ ಅಮ್ಮ ಒಂದು ನಂಬರ್ ಒತ್ತುತ್ತಿದ್ದರು, ಚಾನೆಲ್ ಬರುತ್ತಿತ್ತು. ಈಗ ಟಿವಿ ಆನ್, ಆ್ಯಪ್, ಪ್ರೊಫೈಲ್, ಹುಡುಕು, ಜಾಹೀರಾತು, ಆಮೇಲೆ ಧಾರಾವಾಹಿ. ಅವರಿಗೆ ಗೊತ್ತಾಗುವುದಿಲ್ಲ ಅಂತಲ್ಲ, ದಾರಿಯನ್ನೇ ಉದ್ದ ಮಾಡಿಟ್ಟಿದ್ದಾರೆ.

ಅವರು ನೋಡುವ ಎರಡು ಆ್ಯಪ್‌ಗಳನ್ನು ಮುಖಪುಟದ ಮೊದಲ ಸಾಲಿನ ಎಡತುದಿಗೆ ತನ್ನಿ. ಉಳಿದದ್ದನ್ನು ತೆಗೆಯಿರಿ. ಭಾಷೆಯ ಪಟ್ಟಿಯಲ್ಲಿ ಕನ್ನಡ ಇದ್ದರೆ ಹಾಕಿ. ಅವರದೇ ಪ್ರೊಫೈಲ್ ಮಾಡಿ, ಇಲ್ಲದಿದ್ದರೆ ಮಕ್ಕಳ ಕಾರ್ಟೂನ್ ಎಲ್ಲ ಅವರ ಪಟ್ಟಿಗೆ ಬರುತ್ತದೆ. ದುಡ್ಡು ಕೊಟ್ಟು ಕೊಳ್ಳುವುದಕ್ಕೆ ಪಿನ್ ಹಾಕಿ, ಅರಿಯದೆ ಒತ್ತಿದರೂ ಭಯವಿಲ್ಲ. ರಿಮೋಟ್‌ನ ಮೈಕ್ ಗುಂಡಿ ಒತ್ತಿ ಧಾರಾವಾಹಿಯ ಹೆಸರು ಹೇಳುವುದನ್ನು ಅವರ ಕೈಯಲ್ಲೇ ಹತ್ತು ಸಲ ಮಾಡಿಸಿ. ನೀವು ಮಾಡಿ ತೋರಿಸಿದರೆ ನೆನಪಿರುವುದಿಲ್ಲ, ಅವರೇ ಮಾಡಬೇಕು.

ಕೊನೆಗೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಟಿವಿ ಪಕ್ಕ ಅಂಟಿಸಿ. ನಮ್ಮ ಮನೆಯದರಲ್ಲಿ ನಾಲ್ಕು ಸಾಲಿದೆ: "ಚಕ್ರ ಸುತ್ತಿದರೆ, ಮನೆ ಗುರುತಿನ ಗುಂಡಿ ಒತ್ತಿ ಮತ್ತೆ ಆ್ಯಪ್ ತೆರೆ. ಆಗದಿದ್ದರೆ ಟಿವಿ ಸ್ವಿಚ್ ಆಫ್ ಮಾಡಿ ನೂರು ಎಣಿಸು. ಆಗಲೂ ಆಗದಿದ್ದರೆ ಬಿಳಿ ಡಬ್ಬಿಯಲ್ಲಿ ಕೆಂಪು ದೀಪ ಇದೆಯಾ ನೋಡು. ಇದ್ದರೆ ನನಗೆ ಫೋನ್ ಮಾಡು." ಕಳೆದ ಮಳೆಗಾಲದಲ್ಲಿ ಅಮ್ಮ ಫೋನ್ ಮಾಡಿ ಮೊದಲು ಹೇಳಿದ್ದೇ ಇದು: "ಕೆಂಪು ದೀಪ ಇದೆ ಕಣೋ, ಲೈನ್ ತುಂಡಾಗಿದೆ. ಅವರಿಗೆ ಆಗಲೇ ಫೋನ್ ಮಾಡಿ ಹೇಳಿದೆ, ದೂರಿನ ನಂಬರ್ ಬರೆದುಕೋ."